ಕ್ರಿಸ್‌ಮಸ್ ಬ್ಯಾಟಲ್‌ಫೋರ್ಸ್ ಬಾಕ್ಸ್ ತಗೊಂಡರೆ ನಿಜವಾಗಿ ಎಷ್ಟು ಉಳಿಯುತ್ತದೆ?

ನೀವು ಕೇಳಿದ್ದು ಇಷ್ಟು. ಲೆಸ್ಟರ್‌ನಲ್ಲಿ ಇದ್ದೀರಿ. ಆಫೀಸಿನ ಗೆಳೆಯರೊಬ್ಬರು ವಾರ್‌ಹ್ಯಾಮರ್ 40,000 ಆಡಲು ಕರೆಯುತ್ತಿದ್ದಾರೆ. ಅದರಲ್ಲಿ ನೆಕ್ರಾನ್ ಅನ್ನುವ, ಲೋಹದ ಅಸ್ಥಿಪಂಜರಗಳ ಸೈನ್ಯ ನಿಮಗೆ ಹಿಡಿಸಿದೆ. ಕ್ರಿಸ್‌ಮಸ್ ಸಮಯದ ಬ್ಯಾಟಲ್‌ಫೋರ್ಸ್ ಬಾಕ್ಸ್ ತಗೊಂಡರೆ 90 ಪೌಂಡ್ ಉಳಿಯುತ್ತದೆ ಅಂತ ಅವರು ಹೇಳಿದ್ದಾರೆ. ಅದು ನಿಜವಾ? ಎರಡು ತಗೊಂಡು ಒಂದನ್ನು ಆಮೇಲೆ ಜಾಸ್ತಿ ಬೆಲೆಗೆ ಮಾರಬಹುದಾ?

ಬಾಕ್ಸ್ ಕೆಟ್ಟದ್ದಲ್ಲ. ಆದರೆ ಆ 90 ಪೌಂಡ್ ಪೂರ್ತಿ ನಿಮ್ಮ ಜೇಬಿನಲ್ಲಿ ಉಳಿಯುವ ದುಡ್ಡಲ್ಲ. ನೆಕ್ರಾನ್ ವಿಷಯದಲ್ಲಂತೂ ಅದು ತುಂಬಾ ಕರಗುತ್ತದೆ. ಎರಡನೇ ಬಾಕ್ಸ್ ಬೇಡ.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಕಂಪನಿ ಪ್ಲಾಸ್ಟಿಕ್ ಸೈನಿಕರ ಕಿಟ್‌ಗಳನ್ನು ಮಾರುತ್ತದೆ. ನಾವೇ ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ, ಮೇಜಿನ ಮೇಲೆ ಯುದ್ಧ ಆಡಬೇಕು. ವರ್ಷದ ಕೊನೆಗೆ ಒಂದೊಂದು ಸೈನ್ಯದ ನಾಲ್ಕಾರು ಕಿಟ್‌ಗಳನ್ನು ಒಂದೇ ದೊಡ್ಡ ಬಾಕ್ಸಿನಲ್ಲಿ ಹಾಕಿ, ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಕಡಿಮೆ ಬೆಲೆಗೆ ಬಿಡುತ್ತಾರೆ. ಅದೇ ಬ್ಯಾಟಲ್‌ಫೋರ್ಸ್. ಒಳಗಿರುವುದು ಮಾಮೂಲಿ ಕಿಟ್‌ಗಳೇ. ಅದೇ ಸ್ಪ್ರೂ (ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು), ಅದೇ ಆಯುಧಗಳ ಆಯ್ಕೆ. ಸಂಖ್ಯೆ ಮಾತ್ರ ಸೀಮಿತ.

ಈಗ ಲೆಕ್ಕ ಹಾಕೋಣ. ಬಾಕ್ಸಿನ ಒಳಗೇನಿರುತ್ತದೆ ಎಂಬುದು ವರ್ಷಕ್ಕೊಂದು ಥರ. ಹಾಗಾಗಿ ನಾನೇ ಒಂದು ಬಾಕ್ಸ್ ಕಲ್ಪಿಸಿಕೊಂಡು, ಗುಣಾಕಾರ ಸುಲಭವಾಗಲಿ ಅಂತ ದುಂಡು ಅಂಕಿ ಇಟ್ಟಿದ್ದೇನೆ. ಎಲ್ಲ ನೆಕ್ರಾನ್ ಸೈನ್ಯದ ಕಿಟ್‌ಗಳೇ. ನಾಯಕ ಓವರ್‌ಲಾರ್ಡ್ ಒಬ್ಬ, 25 ಪೌಂಡ್. ನೆಕ್ರಾನ್ ವಾರಿಯರ್ಸ್ ಎರಡು ಕಿಟ್, ತಲಾ 30. ಲಿಚ್‌ಗಾರ್ಡ್ 35. ಸ್ಕೋರ್ಪೆಖ್ ಡೆಸ್ಟ್ರಾಯರ್‌ಗಳು 40. ಡೂಮ್ಸ್‌ಡೇ ಆರ್ಕ್ 40. ಡೂಮ್‌ಸ್ಟಾಕರ್ 30. ಎಲ್ಲ ಕೂಡಿದರೆ 230. ಬಾಕ್ಸಿನ ಬೆಲೆ 140 ಅಂತಿಟ್ಟುಕೊಳ್ಳಿ. ನಿಮ್ಮ ಗೆಳೆಯರು ಹೇಳಿದ 90 ಬಂದಿದ್ದು ಹೀಗೆ.

ಮೊದಲನೇ ಕತ್ತರಿ: ಬ್ರಿಟನ್‌ನಲ್ಲಿ ಪಟ್ಟಿಯ ಬೆಲೆ ಪೂರ್ತಿ ಕೊಟ್ಟು ಕಿಟ್ ಕೊಳ್ಳಬೇಕಾದ ಅಗತ್ಯವೇ ಇಲ್ಲ. ಕಂಪನಿಯ ಸ್ವಂತ ಮಳಿಗೆ ಬಿಟ್ಟು ಹೊರಗಿನ ಅಂಗಡಿಗಳಿಗೆ, ಅದರಲ್ಲೂ ಆನ್‌ಲೈನ್ ಅಂಗಡಿಗಳಿಗೆ ಹೋದರೆ ವರ್ಷವಿಡೀ ಶೇಕಡಾ 15ರಿಂದ 20 ಕಡಿಮೆಗೆ ಸಿಗುತ್ತದೆ. ಶೇಕಡಾ 20 ಹಿಡಿದರೆ 230ರ ಸರಕು ನಿಮಗೆ ಯಾವತ್ತೂ 184ಕ್ಕೇ ಬರುತ್ತದೆ. ಬ್ಯಾಟಲ್‌ಫೋರ್ಸ್ ಮೇಲೂ ಅವರು ರಿಯಾಯಿತಿ ಕೊಡುತ್ತಾರೆ. ಶೇಕಡಾ 15 ಅಂದುಕೊಂಡರೆ 119 ಆಯಿತು. ವ್ಯತ್ಯಾಸ 65. ಇದೂ ಒಳ್ಳೆಯ ಮೊತ್ತವೇ. ಸೈನ್ಯ ಬೇರೆ ಆಗಿದ್ದರೆ ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೆ.

ಆದರೆ ನೀವು ಆರಿಸಿರುವುದು ನೆಕ್ರಾನ್. ಇದಕ್ಕೊಂದು ಹಿನ್ನೆಲೆ ಇದೆ. 2020ರ ಜುಲೈನಲ್ಲಿ ಆಟದ 9ನೇ ಆವೃತ್ತಿಯ ಜೊತೆ ಇಂಡೊಮಿಟಸ್ ಅನ್ನುವ ಬಾಕ್ಸ್ ಬಂತು. 125 ಪೌಂಡಿಗೆ 61 ಬೊಂಬೆ. ಒಂದು ಭಾಗ ಸ್ಪೇಸ್ ಮರೀನ್ ಅನ್ನುವ ಇನ್ನೊಂದು ಸೈನ್ಯ, ಉಳಿದದ್ದು ನೆಕ್ರಾನ್. ಮರೀನ್ ಬೇಕಾದವರು ನೆಕ್ರಾನ್ ಭಾಗವನ್ನು ಮಾರಿದರು. ಮರು ವರ್ಷ ಹ್ಯಾಶೆಟ್ ಪ್ರಕಾಶನದವರು ಇಂಪೀರಿಯಂ ಅನ್ನುವ ಕಂತು ಪತ್ರಿಕೆ ಶುರು ಮಾಡಿದರು. ಸಂಚಿಕೆಗಳ ಜೊತೆ ಬೊಂಬೆಗಳು. ಅದರಲ್ಲೂ ಮತ್ತೆ ಮರೀನ್ ಮತ್ತು ನೆಕ್ರಾನ್! ಹೀಗಾಗಿ ಈ ದೇಶದ ಎಷ್ಟೋ ಅಟ್ಟಗಳ ಮೇಲೆ, ಗ್ಯಾರೇಜುಗಳಲ್ಲಿ ಬಣ್ಣ ಕಾಣದ ನೆಕ್ರಾನ್ ವಾರಿಯರ್‌ಗಳು ಮಲಗಿದ್ದಾರೆ. ಕೋಟ್ಯಂತರ ವರ್ಷ ಸಮಾಧಿಯಲ್ಲಿ ಮಲಗಿ ಎದ್ದು ಬರುವ ಸೈನ್ಯ ತಾನೇ, ಅವರಿಗೆ ಅಭ್ಯಾಸ ಇದೆ ಬಿಡಿ.

ಇದರ ಪರಿಣಾಮ ನೇರವಾಗಿ ನಿಮ್ಮ ಲೆಕ್ಕದ ಮೇಲಾಗುತ್ತದೆ. ಮೇಲಿನ ಪಟ್ಟಿಯಲ್ಲಿ ಓವರ್‌ಲಾರ್ಡ್, ವಾರಿಯರ್ಸ್, ಸ್ಕೋರ್ಪೆಖ್ ಮೂರೂ ಇಂಡೊಮಿಟಸ್‌ನಲ್ಲಿ ಇದ್ದವು. ಸೆಕೆಂಡ್ ಹ್ಯಾಂಡ್‌ನಲ್ಲಿ ಇವು ಪಟ್ಟಿ ಬೆಲೆಯ ಅರ್ಧಕ್ಕೆ ಸಿಗುವುದು ಕಷ್ಟವಲ್ಲ. ಈ ಮೂರರ ಪಟ್ಟಿ ಬೆಲೆ 125, ಅರ್ಧ ಅಂದರೆ 62.50. ಉಳಿದ 105ರ ಸರಕು ಅಂಗಡಿಯ ರಿಯಾಯಿತಿಯಲ್ಲಿ 84. ಒಟ್ಟು 146.50. ಬಾಕ್ಸಿಗೆ 119 ಕೊಟ್ಟರೆ ಉಳಿಯುವುದು 27.50. ಎಲ್ಲಿಯ 90, ಎಲ್ಲಿಯ 27!

ಇನ್ನೊಂದು ಕತ್ತರಿ ಇದೆ. ಒಳಗಿರುವುದೆಲ್ಲ ನಿಮಗೆ ಬೇಕಾ? ಡೂಮ್‌ಸ್ಟಾಕರ್ ನಿಮಗೆ ಇಷ್ಟವಿಲ್ಲ ಅಂತಿಟ್ಟುಕೊಳ್ಳಿ. ಅದರ 24 ಪೌಂಡ್ ಕಳೆಯಿರಿ. ಉಳಿತಾಯ ಮೂರೂವರೆ ಪೌಂಡಿಗೆ ಬಂತು. ಆಷಾಢದ ಸೇಲ್‌ನಲ್ಲಿ ಎರಡು ಸೀರೆ ಕೊಂಡರೆ ಒಂದು ಫ್ರೀ ಅಂತ ಬೇಡದ ಬಣ್ಣದ್ದು ಮನೆಗೆ ಬರುತ್ತದಲ್ಲ, ಅದೇ ಕಥೆ. ಬಾಕ್ಸಿನ ಪಟ್ಟಿ ಬಂದ ತಕ್ಷಣ ನಾನು ಮಾಡುವ ಮೊದಲ ಕೆಲಸ, ಬಿಡಿಯಾಗಿದ್ದರೂ ಕೊಳ್ಳುತ್ತಿದ್ದೆ ಅನ್ನುವುದನ್ನು ಮಾತ್ರ ಉಳಿಸಿ, ಬೇರೆಲ್ಲದಕ್ಕೂ ಸೊನ್ನೆ ಬೆಲೆ ಹಾಕುವುದು. ಮನಸ್ಸಿಗೆ ಕಷ್ಟವಾಗುತ್ತದೆ. ಆದರೂ ಸೊನ್ನೆಯೇ ಹಾಕಬೇಕು.

ಹಾಗಂತ ಸೆಕೆಂಡ್ ಹ್ಯಾಂಡ್ ಅಂದರೆ ಬರೀ ಲಾಭ ಅಂತಲ್ಲ. ಯಾರೋ ಅರ್ಧಂಬರ್ಧ ಅಂಟಿಸಿರುತ್ತಾರೆ. ಪ್ಲಾಸ್ಟಿಕ್ ಅಂಟು ಎರಡು ತುಂಡನ್ನೂ ಕರಗಿಸಿ ಒಂದು ಮಾಡಿಬಿಡುತ್ತದೆ. ಸೂಪರ್ ಗ್ಲೂ ಆದರೆ ಬಿಡಿಸಬಹುದು, ಇದನ್ನು ಬಿಡಿಸಲು ಆಗುವುದಿಲ್ಲ. ದಪ್ಪಗೆ ಬಣ್ಣ ಮೆತ್ತಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಬೇಕು. ಕೆಲವರಿಗೆ ಅದು ಮಜಾ. ನನಗೆ ಸಾಧ್ಯವೇ ಇಲ್ಲ. ನಾನು ಸ್ಪ್ರೂನಲ್ಲೇ ಇರುವುದನ್ನು ಮಾತ್ರ ಕೊಳ್ಳುತ್ತೇನೆ, ಎರಡು ಪೌಂಡ್ ಜಾಸ್ತಿ ಆದರೂ. ನಿಮಗೂ ಹೊಸ ಡಬ್ಬ ಬಿಚ್ಚುವ ಖುಷಿ ಮುಖ್ಯ ಅನ್ನಿಸಿದರೆ 65ರ ಲೆಕ್ಕಕ್ಕೆ ವಾಪಸ್ ಹೋಗಿ. ಅದರಲ್ಲಿ ತಪ್ಪೇನಿಲ್ಲ, ಇದು ಹವ್ಯಾಸ ತಾನೇ.

ಪಾಯಿಂಟ್ಸ್ ಲೆಕ್ಕದವರ ಮಾತು ಮಾತ್ರ ಕೇಳಬೇಡಿ. ಒಂದು ಪೌಂಡಿಗೆ ಎಷ್ಟು ಪಾಯಿಂಟ್ ಬಂತು ಅಂತ ಭಾಗಾಕಾರ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆಟದಲ್ಲಿ ಪ್ರತಿ ತುಕಡಿಗೂ ಪಾಯಿಂಟ್ ಬೆಲೆ ಇರುತ್ತದೆ, ಸಾಮಾನ್ಯವಾಗಿ 2000 ಪಾಯಿಂಟಿನ ಸೈನ್ಯ ಕಟ್ಟಿ ಆಡುತ್ತಾರೆ, ನಿಜ. ಆದರೆ ಆ ಅಂಕಿಗಳನ್ನು ಕಂಪನಿಯೇ ವರ್ಷಕ್ಕೆ ಹಲವು ಸಲ ಬದಲಿಸುತ್ತದೆ. ಡಿಸೆಂಬರ್‌ನಲ್ಲಿ ಲಾಭ ಅನ್ನಿಸಿದ ಬಾಕ್ಸ್ ಬೇಸಿಗೆಗೆ ಸಪ್ಪೆ ಅನ್ನಿಸಬಹುದು. ಜೊತೆಗೆ ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ: 2017, 2020, 2023. ಬೊಂಬೆ ಹಾಗೇ ಇರುತ್ತದೆ, ನಿಯಮ ಬದಲು. ಬೊಂಬೆಗಳ ಎಣಿಕೆಯೂ ಅಷ್ಟೇ, ದಾರಿ ತಪ್ಪಿಸುತ್ತದೆ. ಟಿರನಿಡ್ ಅನ್ನುವ ಹುಳುಗಳಂಥ ಸೈನ್ಯದ, ನಲವತ್ತು ಸಣ್ಣ ಹುಳುಗಳ ಬಾಕ್ಸ್ ನೋಡಲು ದೊಡ್ಡ ಲಾಭ. ಅಷ್ಟಕ್ಕೂ ಬಣ್ಣ ಹಚ್ಚಲು ಕೂತಾಗ ಗೊತ್ತಾಗುತ್ತದೆ ಪಾಡು.

ಇದಕ್ಕಿಂತ ಮುಖ್ಯವಾದದ್ದು, ಒಂದೇ ಕಿಟ್ ಎರಡು ಸಲ ಬಂದರೆ ಅದು ದಂಡವಾ ಅನ್ನುವುದು. ಇದು ಸೈನ್ಯದ ಮೇಲೆ ನಿಂತಿದೆ. ನೆಕ್ರಾನ್‌ಗಳ ವಿಶೇಷವೇ ಸತ್ತವರು ಮತ್ತೆ ಎದ್ದು ನಿಲ್ಲುವುದು. 10ನೇ ಆವೃತ್ತಿಯಲ್ಲಿ ಆ ನಿಯಮದ ಹೆಸರು ರೀಅನಿಮೇಷನ್ ಪ್ರೋಟೋಕಾಲ್ಸ್. ಆದರೆ ತುಕಡಿ ಪೂರ್ತಿ ನೆಲಕ್ಕೆ ಬಿದ್ದರೆ ಯಾರೂ ಏಳುವುದಿಲ್ಲ. ಹತ್ತು ಜನರ ತುಕಡಿಯನ್ನು ಎದುರಾಳಿ ಒಂದೇ ಸರದಿಯಲ್ಲಿ ಮುಗಿಸಿಬಿಡುತ್ತಾನೆ. ಇಪ್ಪತ್ತು ಜನ ಇದ್ದರೆ ಕಷ್ಟ. ಅದಕ್ಕೇ ವಾರಿಯರ್‌ಗಳನ್ನು ಇಪ್ಪತ್ತರ ಗುಂಪಾಗಿ ಆಡಿಸುವುದು ಜಾಣತನ. ಹಾಗಾಗಿ ನಿಮಗೆ ಎರಡನೇ ಕಿಟ್ ಬೇಕೇ ಬೇಕು. ಮೇಲಾಗಿ ಆ ಕಿಟ್‌ನಲ್ಲಿ ಹತ್ತು ವಾರಿಯರ್‌ಗಳ ಜೊತೆ ಮೂರು ಸ್ಕ್ಯಾರಬ್ (ಜೀರುಂಡೆಯಂಥ ಪುಟ್ಟ ಯಂತ್ರ) ಹಿಂಡುಗಳೂ ಬರುತ್ತವೆ. ಎರಡು ಕಿಟ್ ಅಂದರೆ ಆರು. ಎರಡು ಓವರ್‌ಲಾರ್ಡ್ ಬಂದರೂ ಹೇಗೋ ಬಳಸಬಹುದು. ಆದರೆ ಸೈಲೆಂಟ್ ಕಿಂಗ್ ಥರದ ಹೆಸರುಳ್ಳ ವೀರರು ಸೈನ್ಯಕ್ಕೆ ಒಬ್ಬರೇ. ಅಂಥವರಿರುವ ಬಾಕ್ಸನ್ನು ಎರಡು ಸಲ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಒಂದೇ ಕಿಟ್‌ನಿಂದ ಎರಡು ಬೇರೆ ತುಕಡಿ ಕಟ್ಟಬಹುದಾದವೂ ಇವೆ. ಲಿಚ್‌ಗಾರ್ಡ್ ಕಿಟ್‌ನಿಂದ ಟ್ರಯಾರ್ಕ್ ಪ್ರಿಟೋರಿಯನ್‌ಗಳನ್ನೂ ಮಾಡಬಹುದು. ಇಮ್ಮಾರ್ಟಲ್ಸ್ ಕಿಟ್‌ನಿಂದ ಡೆತ್‌ಮಾರ್ಕ್ಸ್. ಇವೆಲ್ಲ 2011ರ ಕಿಟ್‌ಗಳು, ಆದರೂ ನೋಡಲು ಈಗಲೂ ಚೆನ್ನಾಗಿವೆ. ಬಾಕ್ಸಿನಲ್ಲಿ ಇಂಥವು ಇದ್ದರೆ ನಾನು ಅರ್ಧ ಅಂಕ ಜಾಸ್ತಿ ಕೊಡುತ್ತೇನೆ.

ಹೊಸಬರು ನೋಡಬೇಕಾದ ಇನ್ನೊಂದು ಬಾಕ್ಸ್ ಕಾಂಬ್ಯಾಟ್ ಪ್ಯಾಟ್ರೋಲ್. ಇದು ವರ್ಷವಿಡೀ ಸಿಗುವ ಸಣ್ಣ ಬಾಕ್ಸ್. ಪಟ್ಟಿ ಬೆಲೆ ಸುಮಾರು 100 ಪೌಂಡ್. ಉಳಿತಾಯ ಬ್ಯಾಟಲ್‌ಫೋರ್ಸಿಗಿಂತ ಕಡಿಮೆ. ಆದರೆ 10ನೇ ಆವೃತ್ತಿಯಲ್ಲಿ ಈ ಬಾಕ್ಸಿಗೆ ಅಂತಲೇ ಸಣ್ಣ ಆಟವೊಂದಿದೆ, ಅದರ ನಿಯಮಗಳನ್ನು ಪುಕ್ಕಟೆ ಡೌನ್‌ಲೋಡ್ ಮಾಡಬಹುದು. ನಿಮ್ಮ ಗೆಳೆಯರ ಹತ್ತಿರವೂ ಒಂದು ಪ್ಯಾಟ್ರೋಲ್ ಇದ್ದರೆ ನೇರವಾಗಿ ಆಡಬಹುದು, ಸೈನ್ಯದ ಪಟ್ಟಿ ಕಟ್ಟುವ ತಲೆನೋವಿಲ್ಲ. ಬ್ಯಾಟಲ್‌ಫೋರ್ಸ್ ಹಾಗಲ್ಲ. ಅದರೊಳಗೆ ಕೋಡೆಕ್ಸ್ (ಆ ಸೈನ್ಯದ ನಿಯಮಗಳ ಪುಸ್ತಕ) ಇರುವುದಿಲ್ಲ, ಬಣ್ಣ ಇರುವುದಿಲ್ಲ, ಅಂಟೂ ಇರುವುದಿಲ್ಲ. ಕಟರ್, ಅಂಟು, ಬ್ರಷ್, ಪ್ರೈಮರ್, ನಾಲ್ಕಾರು ಬಾಟಲಿ ಬಣ್ಣ, ಕೋಡೆಕ್ಸ್ ಎಲ್ಲ ಸೇರಿದರೆ ಆ 65 ಪೌಂಡ್ ಅಲ್ಲೇ ಮುಗಿಯುತ್ತದೆ. ಯಾವುದನ್ನೂ ಇನ್ನೂ ಆಡಿ ನೋಡಿಲ್ಲ ಅಂದರೆ ನನ್ನ ಮತ ಪ್ಯಾಟ್ರೋಲಿಗೆ. ಗೆಳೆಯರ ಸೈನ್ಯ ಸಾಲ ತಗೊಂಡು ಆಡಿ ನೋಡಿದ್ದೀರಿ, ನೆಕ್ರಾನ್ ಅಂತ ಖಾತ್ರಿ ಆಗಿದೆ ಅಂದರೆ ಬ್ಯಾಟಲ್‌ಫೋರ್ಸ್.

ನೆಕ್ರಾನ್ ಪರವಾಗಿ ಒಂದು ಮಾತು ಹೇಳಲೇಬೇಕು. ಬಣ್ಣ ಹಚ್ಚಲು ಇಷ್ಟು ಸುಲಭದ ಸೈನ್ಯ ಇನ್ನೊಂದಿಲ್ಲ. ಲೆಡ್‌ಬೆಲ್ಚರ್ ಅನ್ನುವ ಲೋಹದ ಬಣ್ಣದ ಸ್ಪ್ರೇ ಹೊಡೆದು, ಮೇಲೆ ನಲ್ನ್ ಆಯಿಲ್ ಅನ್ನುವ ತೆಳು ಕಪ್ಪು ಬಣ್ಣ ಬಳಿದು, ಕಣ್ಣಿಗೂ ಆಯುಧಕ್ಕೂ ಒಂದಿಷ್ಟು ಹಸಿರು ಮುಟ್ಟಿಸಿದರೆ ಮೇಜಿಗೆ ರೆಡಿ. ಎಷ್ಟೇ ರಿಯಾಯಿತಿ ಇದ್ದರೂ ಬಣ್ಣ ಕಾಣದೆ ಅಟ್ಟ ಸೇರಿದರೆ ಏನು ಬಂತು? ಆ ಲೆಕ್ಕದಲ್ಲಿ ನೆಕ್ರಾನ್ ಬಾಕ್ಸ್ ಬೇರೆ ಸೈನ್ಯಗಳಿಗಿಂತ ಮೇಲು. ಒಂದೇ ಎಚ್ಚರಿಕೆ: ಬಾಕ್ಸ್ ಬರುವುದು ಡಿಸೆಂಬರ್‌ನಲ್ಲಿ. ಇಲ್ಲಿನ ಚಳಿ, ತೇವದಲ್ಲಿ ಹೊರಗೆ ಸ್ಪ್ರೇ ಹೊಡೆದರೆ ಮೇಲೆ ಮರಳು ಉದುರಿದ ಹಾಗೆ ತರಿತರಿ ಕೂರುತ್ತದೆ. ಕ್ಯಾನ್ ಅನ್ನು ಮನೆಯೊಳಗೇ ಇಟ್ಟಿರಿ. ಒಣ ದಿನ ನೋಡಿ ಹೊಡೆಯಿರಿ. ಅಲ್ಲಿವರೆಗೂ ತಡೆಯಲಾಗದಿದ್ದರೆ ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ಸಿಗುತ್ತದೆ.

ಬರೀ ದುಡ್ಡಿನ ಬೆಲೆ ನೋಡುವುದಾದರೆ ಈ ಕಂಪನಿಯ ಆಚೆಗೂ ನೋಡಿ. ಅದೇ ನಾಟಿಂಗ್‌ಹ್ಯಾಮ್‌ನ ಪೆರ್ರಿ ಮಿನಿಯೇಚರ್ಸ್‌ನವರ ಐತಿಹಾಸಿಕ ಸೈನಿಕರ ಪ್ಲಾಸ್ಟಿಕ್ ಬಾಕ್ಸಿನಲ್ಲಿ ಮೂರು ಡಜನ್‌ಗೂ ಹೆಚ್ಚು ಬೊಂಬೆ, ಬೆಲೆ ನೋಡಿದರೆ ಒಬ್ಬ ಓವರ್‌ಲಾರ್ಡ್‌ನ ಆಸುಪಾಸು. ಆದರೆ ನಿಮ್ಮ ಗೆಳೆಯರು ಆಡುವುದು ವಾರ್‌ಹ್ಯಾಮರ್ 40,000. ಜೊತೆಗೆ ಆಡುವವರಿಲ್ಲದೆ ಎಷ್ಟು ಅಗ್ಗವಾದರೆ ಏನು.

ಕೊನೆಗೆ ಎರಡನೇ ಬಾಕ್ಸ್ ತಗೊಂಡು ಮಾರುವ ಯೋಚನೆ. ಇಂಡೊಮಿಟಸ್ ಬಂದಾಗ ಪ್ರೀ-ಆರ್ಡರ್ ಕ್ಷಣಗಳಲ್ಲೇ ಖಾಲಿ ಆಯಿತು. ಎರಡು ಮೂರು ಹಿಡಿದಿಟ್ಟುಕೊಂಡವರು ದುಪ್ಪಟ್ಟು ಬೆಲೆ ಹಾಕಿ ಕೂತರು. ಅಷ್ಟರಲ್ಲಿ ಕಂಪನಿ, ಕೇಳಿದವರಿಗೆಲ್ಲ ಮಾಡಿಕೊಡುತ್ತೇವೆ ಅಂತ ಆರ್ಡರ್ ತೆರೆಯಿತು. ದುಪ್ಪಟ್ಟು ಬೆಲೆ ಕೇಳುತ್ತಿದ್ದವರ ಮುಖ ನೆನೆಸಿಕೊಳ್ಳಿ. ಕ್ರಿಸ್‌ಮಸ್ ಬಾಕ್ಸ್‌ಗಳಲ್ಲಿ ಒಂದೆರಡು ಬೇಗ ಖಾಲಿಯಾಗುತ್ತವೆ, ಇನ್ನು ಕೆಲವು ಹೊಸ ವರ್ಷ ಕಳೆದ ಮೇಲೂ ಸಣ್ಣ ಅಂಗಡಿಗಳ ಶೆಲ್ಫಿನಲ್ಲಿ ಕೂತಿರುತ್ತವೆ. ಯಾವುದು ಯಾವ ಗುಂಪಿಗೆ ಸೇರುತ್ತದೆ ಅಂತ ಮೊದಲೇ ಹೇಳುವುದು ಕಷ್ಟ. ಅದಿರಲಿ, ಬಾಕ್ಸ್ ಒಡೆದು ಬಿಡಿಯಾಗಿ ಮಾರುತ್ತೇನೆ ಅಂದರೂ ಅದೇ ವಾರ ಅದೇ ಬಾಕ್ಸ್ ಒಡೆದವರು ನೂರಾರು ಜನ ಇರುತ್ತಾರೆ. ಎಲ್ಲರಿಗೂ ಬೇಡವಾದದ್ದು ಅದೇ ಒಂದು ಕಿಟ್. ಪ್ಯಾಕಿಂಗ್, ಪೋಸ್ಟ್ ಖರ್ಚು ನಿಮ್ಮ ತಲೆ ಮೇಲೆ.

ಒಂದು ಬಾಕ್ಸ್ ಬೇಕು ಅಂತ ತೀರ್ಮಾನ ಮಾಡಿದ್ದರೆ ನಿಮ್ಮೂರಿನ ಆಟದ ಅಂಗಡಿಗೆ ಈಗಲೇ ಹೋಗಿ ಹೆಸರು ಬರೆಸಿ ಬನ್ನಿ. ಕಂಪನಿಯ ಪ್ರೀ-ಆರ್ಡರ್ ಶನಿವಾರ ಬೆಳಿಗ್ಗೆ 10ಕ್ಕೆ ತೆರೆಯುತ್ತದೆ, ಆಗ ವೆಬ್‌ಸೈಟಿನ ಕ್ಯೂನಲ್ಲಿ ಸುಮ್ನೆ ಕಾಯುತ್ತಾ ಕೂರುವುದಕ್ಕಿಂತ ಇದು ವಾಸಿ. ಒಳಗಿನ ಪಟ್ಟಿ ಗೊತ್ತಾದ ಮೇಲೆ ಬೇಡ ಅನ್ನಿಸಿದರೆ ಹೆಸರು ತೆಗೆಸಬಹುದಾ ಅಂತಲೂ ಆಗಲೇ ಕೇಳಿಟ್ಟುಕೊಳ್ಳಿ.