ಗೋಲ್ಡನ್ ಸೆಲ್ಲಾ ಮತ್ತು ಗೋಲ್ಡನ್ ರೈಸ್ ಒಂದೇ ಅಲ್ಲ

ಮೂರು ವರ್ಷದ ಮಗುವಿಗೆ ಸಂಜೆ ಕಣ್ಣು ಮಂದ ಅಂತ ನೀವು ತಂದಿರುವ ಗೋಲ್ಡನ್ ಸೆಲ್ಲಾ ಬರೀ ಕುಸುಬಲು ಬಾಸ್ಮತಿ ಅಕ್ಕಿ. ಹೆಸರಿನಿಂದ ಗೊಂದಲವಾಗಿರಬೇಕು. ಗೋಲ್ಡನ್ ರೈಸ್ ಬೇರೆ, ಮೆಕ್ಕೆಜೋಳದ ಜೀನ್ ಸೇರಿಸಿ ಕಾಳಿನಲ್ಲೇ ಬೀಟಾ ಕ್ಯಾರೋಟಿನ್ (ಮೈಯಲ್ಲಿ ವಿಟಮಿನ್ ಎ ಆಗುವ ವಸ್ತು) ಬರುವಂತೆ ಮಾಡಿದ ತಳಿ. 2021ರಲ್ಲಿ ಫಿಲಿಪ್ಪೀನ್ಸ್ ಅದನ್ನು ಬೆಳೆಯಲು ಒಪ್ಪಿತು, 2024ರಲ್ಲಿ ಅಲ್ಲಿನ ಕೋರ್ಟ್ ತಡೆಯಿತು. ನಮ್ಮ ಅಂಗಡಿಗಳಲ್ಲಿ ಸಿಗುವುದಿಲ್ಲ, ಸುಮ್ನೆ ಹುಡುಕಬೇಡಿ.

ನಾಳೆಯೇ ಕಣ್ಣಿನ ಡಾಕ್ಟರಿಗೆ ತೋರಿಸಿ. ವಿಟಮಿನ್ ಎ ಕೊರತೆ ಇರಬಹುದು, ಬೇರೆ ಕಾರಣವೂ ಇರಬಹುದು. ತಾಯಿ ಕಾರ್ಡ್ ಜೊತೆಗಿರಲಿ. ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ವಿಟಮಿನ್ ಎ ಡೋಸ್ ಇರುತ್ತದೆ, ಹಾಕಿದ್ದಾರಾ ಅಂತ ಆ ಕಾರ್ಡಿನಲ್ಲಿ ನೋಡಿ. ನಮ್ಮಕ್ಕನ ಮಗನ ಕಾರ್ಡಿನಲ್ಲಿ ಆ ಸಾಲೇ ಖಾಲಿಯಿತ್ತು. ತಪ್ಪಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಹಾಕುತ್ತಾರೆ. ನೀವೇ ತಂದು ಕುಡಿಸಬೇಡಿ, ಜಾಸ್ತಿಯಾದರೆ ಅಪಾಯ. ನುಗ್ಗೆಸೊಪ್ಪಿನ ಪಲ್ಯ, ಪಪ್ಪಾಯಿ ಇವತ್ತಿನಿಂದಲೇ ಕೊಡಿ. ಪಲ್ಯಕ್ಕೆ ಎಣ್ಣೆ ಇರಲಿ, ಇಲ್ಲದಿದ್ದರೆ ಸೊಪ್ಪಿನ ಬೀಟಾ ಕ್ಯಾರೋಟಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲ.