47ರಲ್ಲಿ ಮುಟ್ಟಿನ ಏರುಪೇರು, ರಾತ್ರಿ ಬೆವರು, ನಿದ್ದೆಯಿಲ್ಲ: ಸಹಿಸಿಕೊಳ್ಳಬೇಕೇ, ಹಾರ್ಮೋನು ಮಾತ್ರೆ ನುಂಗಬೇಕೇ, ಗರ್ಭಕೋಶವನ್ನೇ ತೆಗೆಸಬೇಕೇ?

ಒಂಬತ್ತು ತಿಂಗಳಿಂದ ಮುಟ್ಟು ಒಮ್ಮೆ ಇಪ್ಪತ್ತು ದಿನಕ್ಕೆ, ಇನ್ನೊಮ್ಮೆ ಎರಡು ತಿಂಗಳಿಗೆ ಬರುತ್ತಿದೆ, ರಾತ್ರಿ ಎರಡು ಮೂರು ಬಾರಿ ಮೈಯೆಲ್ಲ ಬೆವತು ಎಚ್ಚರವಾಗುತ್ತದೆ, ಹಗಲಲ್ಲಿ ಸಣ್ಣ ಮಾತಿಗೂ ಸಿಟ್ಟು ಬರುತ್ತದೆ, ಆದರೂ ರಕ್ತಪರೀಕ್ಷೆಯಲ್ಲಿ ಎಫ್‌ಎಸ್‌ಎಚ್ (ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನು) ಸಹಜವೆಂದು ಬಂದಿದೆ, ಅತ್ತೆಯವರು ‘ಗರ್ಭಕೋಶ ತೆಗೆಸಿಬಿಡು, ಎಲ್ಲ ಸರಿಹೋಗುತ್ತದೆ’ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನು ವೈದ್ಯೆಯಲ್ಲ. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿರುವ, ಈಗ 56 ದಾಟಿರುವ, ಈ ವರ್ಷಗಳಲ್ಲಿ ಒಂದೆರಡು ತಪ್ಪುಗಳನ್ನು ಮಾಡಿ ಕಲಿತ ಹೆಂಗಸು. ಆದ್ದರಿಂದ ನನ್ನ ಮಾತನ್ನು ನಿಮ್ಮ ವೈದ್ಯರ ಬಳಿ ಕೇಳಬೇಕಾದ ಪ್ರಶ್ನೆಗಳ ಪಟ್ಟಿಯಂತೆ ಓದಿಕೊಳ್ಳಿ.

ಮೊದಲು ಆ ರಕ್ತಪರೀಕ್ಷೆಯ ವಿಷಯ. 45 ದಾಟಿದವರಲ್ಲಿ ಮುಟ್ಟು ಏರುಪೇರಾಗಿ, ಜೊತೆಗೆ ಇಂಥ ಲಕ್ಷಣಗಳೂ ಇದ್ದರೆ ಋತುಬಂಧದತ್ತ ಸಾಗುತ್ತಿದ್ದೀರಿ ಎಂದು ತಿಳಿಯಲು ಸಾಮಾನ್ಯವಾಗಿ ಹಾರ್ಮೋನು ಪರೀಕ್ಷೆ ಬೇಕಾಗುವುದಿಲ್ಲ. ಈ ಅವಧಿಯಲ್ಲಿ ಅಂಡಾಶಯ ಒಂದು ತಿಂಗಳು ಕೆಲಸ ಮಾಡಿ, ಮರುತಿಂಗಳು ಸುಮ್ಮನಿರುತ್ತದೆಯಾದ್ದರಿಂದ ಎಫ್‌ಎಸ್‌ಎಚ್ ಮಟ್ಟ ದಿನದಿನಕ್ಕೂ ಏರಿಳಿಯುತ್ತದೆ. ಒಂದು ದಿನದ ಸಂಖ್ಯೆ ಆ ಒಂದು ದಿನದ ಕಥೆ ಮಾತ್ರ. ಸತತ 12 ತಿಂಗಳು ಮುಟ್ಟಾಗದಿದ್ದಾಗಲೇ ಮುಟ್ಟು ನಿಂತಿತು ಎನ್ನುವುದು ವೈದ್ಯಕೀಯ ಲೆಕ್ಕ. ನಮ್ಮ ದೇಶದ ಹೆಂಗಸರಲ್ಲಿ ಇದು ಸರಾಸರಿ 46-47ರ ಸುಮಾರಿಗೆ, ಪಾಶ್ಚಾತ್ಯ ದೇಶಗಳಲ್ಲಿ 51ರ ಸುಮಾರಿಗೆ ಆಗುತ್ತದೆ. ಹಾಗಾಗಿ ನಿಮ್ಮದು ಅಕಾಲವೇನೂ ಅಲ್ಲ. ಒಂದು ಮಾತನ್ನು ಯಾರೂ ಹೇಳುವುದಿಲ್ಲವೆಂದು ಇಲ್ಲೇ ಹೇಳಿಬಿಡುತ್ತೇನೆ: ಮುಟ್ಟು ಏರುಪೇರಾಗಿರುವಾಗಲೂ ಗರ್ಭ ನಿಲ್ಲಬಹುದು. 50ರೊಳಗೆ ಮುಟ್ಟು ನಿಂತರೆ ಕೊನೆಯ ಮುಟ್ಟಿನಿಂದ ಎರಡು ವರ್ಷ, 50ರ ನಂತರವಾದರೆ ಒಂದು ವರ್ಷ ಗರ್ಭನಿರೋಧಕ ಬೇಕು.

ಇನ್ನು ಗರ್ಭಕೋಶ ತೆಗೆಸುವ ಸಲಹೆ. ಮೈ ಬಿಸಿಯೇರಿ ಬೆವರುವುದಕ್ಕೂ ಗರ್ಭಕೋಶಕ್ಕೂ ನೇರ ಸಂಬಂಧವಿಲ್ಲ. ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜನ್ ಹಾರ್ಮೋನು ಏರಿಳಿದು ಕಡಿಮೆಯಾಗುತ್ತಾ ಹೋದಾಗ ಮಿದುಳಿನ ಹೈಪೋಥಲಾಮಸ್‌ನಲ್ಲಿರುವ ಉಷ್ಣನಿಯಂತ್ರಣ ಕೇಂದ್ರ ಅತಿಸೂಕ್ಷ್ಮವಾಗಿ, ದೇಹದ ಬಿಸಿ ತುಸುವೇ ಏರಿದರೂ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರಿಳಿಸಿಬಿಡುತ್ತದೆ. ಗರ್ಭಕೋಶ ತೆಗೆಸಿದರೆ ಇದು ನಿಲ್ಲುವುದಿಲ್ಲ. ಅದರ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ವರ್ಷಗಳಲ್ಲಿ ನಿಧಾನವಾಗಿ ಆಗಬೇಕಾದ ಬದಲಾವಣೆ ರಾತ್ರೋರಾತ್ರಿ ಆಗಿ ಬೆವರು, ನಿದ್ದೆಗೇಡು ಇನ್ನಷ್ಟು ಜೋರಾಗುತ್ತವೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ರೂಪಿಸಿದ ಮಾರ್ಗಸೂಚಿಯನ್ನು ಜಾರಿಗೊಳಿಸುವಂತೆ ಸರ್ವೋಚ್ಚ ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಸೂಚಿಸಬೇಕಾಗಿ ಬಂದಿತೆಂದರೆ ಈ ಸಲಹೆ ನಮ್ಮಲ್ಲಿ ಎಷ್ಟು ಅಗ್ಗವಾಗಿದೆ ಎಂಬುದನ್ನು ನೀವೇ ಊಹಿಸಬಹುದು.

ನನಗೂ ಅದೇ ಸಲಹೆ ಸಿಕ್ಕಿತ್ತು. 48ರಲ್ಲಿ ನನಗೆ ಹತ್ತು ಹನ್ನೆರಡು ದಿನ ವಿಪರೀತ ಸ್ರಾವವಾಗತೊಡಗಿತು. ‘ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ’ ಎಂದು ತಾಯಿ ಹೇಳಿದರು, ನೆರೆಯವರು ಹೇಳಿದರು, ಪಾಠ ಮಾಡುವ ನಾನೂ ನನಗೇ ಹೇಳಿಕೊಂಡೆ. ಒಂದು ವರ್ಷವಾದ ಮೇಲೆ ಶಾಲೆಯ ಮಹಡಿ ಹತ್ತಲು ಏದುಸಿರು ಬಂದು ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 7.4ಕ್ಕೆ ಇಳಿದಿತ್ತು. ಮೊದಲು ಕಂಡ ವೈದ್ಯರು ಸ್ಕ್ಯಾನ್ ಕೂಡ ನೋಡದೆ ಶಸ್ತ್ರಚಿಕಿತ್ಸೆಯ ದಿನ ಕೇಳಿದರು. ಎರಡನೆಯ ವೈದ್ಯೆ ಸ್ಕ್ಯಾನ್ ಮಾಡಿಸಿ, ಗರ್ಭಕೋಶದ ಒಳಪದರದ ಚೂರನ್ನು ಪರೀಕ್ಷೆಗೆ ಕಳುಹಿಸಿ, ಕ್ಯಾನ್ಸರ್ ಇಲ್ಲವೆಂದು ಖಚಿತವಾದ ಮೇಲೆ ಲೆವೊನೊರ್ಜೆಸ್ಟ್ರೆಲ್ ಹಾರ್ಮೋನನ್ನು ಸ್ವಲ್ಪಸ್ವಲ್ಪವೇ ಬಿಡುವ, ಕಾಪರ್-ಟಿಯಂಥ ಒಂದು ವಂಕಿಯನ್ನು ಗರ್ಭಕೋಶದೊಳಗೆ ಇರಿಸಿದರು. ಆರು ತಿಂಗಳಲ್ಲಿ ಸ್ರಾವ ಬರಿಯ ಕಲೆಯಷ್ಟಾಯಿತು, ಕಬ್ಬಿಣಾಂಶದ ಮಾತ್ರೆಯಿಂದ ರಕ್ತವೂ ಏರಿತು. ಗರ್ಭಕೋಶ ಈಗಲೂ ತನ್ನ ಜಾಗದಲ್ಲೇ ಇದೆ. ದೊಡ್ಡ ಗಡ್ಡೆ, ಕ್ಯಾನ್ಸರ್, ಬೇರೆ ಚಿಕಿತ್ಸೆಗೆ ಬಗ್ಗದ ಸ್ರಾವ ಇದ್ದಾಗ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಾರಣ ಹುಡುಕುವ ಮೊದಲೇ ಅಂಗ ತೆಗೆಯುವುದಕ್ಕೆ ಒಪ್ಪಬೇಡಿ.

ಅಂದಿನಿಂದ ‘ಇದ್ದದ್ದೇ’ ಎಂಬ ಮಾತನ್ನು ನಾನು ನಂಬುವುದಿಲ್ಲ. ಈ ವಯಸ್ಸಿನ ತೊಂದರೆಗಳಲ್ಲಿ ಎಲ್ಲವೂ ಋತುಬಂಧದ್ದಲ್ಲ. ಬೆವರು, ಎದೆಬಡಿತ, ನಿದ್ದೆಗೇಡು, ಸಿಡುಕು ಇವೆಲ್ಲ ಥೈರಾಯ್ಡ್ ಹೆಚ್ಚಾದಾಗಲೂ ಬರುತ್ತವೆ, ಸುಸ್ತು ರಕ್ತಹೀನತೆಯಿಂದಲೂ ಬರುತ್ತದೆ. ಎಫ್‌ಎಸ್‌ಎಚ್‌ಗೆ ಕೊಟ್ಟ ಹಣವನ್ನು ಥೈರಾಯ್ಡ್‌ನ ಸ್ಥಿತಿ ತಿಳಿಸುವ ಟಿಎಸ್‌ಎಚ್, ಹಿಮೋಗ್ಲೋಬಿನ್ ಮತ್ತು ಸಕ್ಕರೆ ಪರೀಕ್ಷೆಗಳಿಗೆ ಕೊಟ್ಟಿದ್ದರೆ ಒಳ್ಳೆಯದಿತ್ತು. ಮುಟ್ಟು ನಿಂತು ವರ್ಷವಾದ ಮೇಲೆ ಒಂದೇ ಒಂದು ತೊಟ್ಟು ರಕ್ತ ಕಂಡರೂ ಅದನ್ನು ‘ಮತ್ತೆ ಮುಟ್ಟಾಯಿತು’ ಎಂದುಕೊಳ್ಳದೆ ಕೂಡಲೇ ವೈದ್ಯರ ಬಳಿ ಹೋಗಬೇಕು, ಏಕೆಂದರೆ ಗರ್ಭಕೋಶದ ಕ್ಯಾನ್ಸರ್‌ನ ಮೊದಲ ಸುಳಿವು ಹಲವರಲ್ಲಿ ಅದೇ ಆಗಿರುತ್ತದೆ.

ನಿಜವಾಗಿಯೂ ಋತುಬಂಧದ್ದೇ ಆದ ಬೆವರಿಗೆ ಏನು ಮಾಡಬೇಕು? ಇದು ಸರಾಸರಿ ಏಳು ವರ್ಷ ಇರಬಹುದಾದ್ದರಿಂದ ಹಲ್ಲುಕಚ್ಚಿ ಕಳೆಯುವ ಮಾತಲ್ಲ. ನಮ್ಮಲ್ಲಿ ಇದನ್ನು ‘ಉಷ್ಣ’ವೆಂದು ಕರೆದು ಎಳನೀರು, ಜೀರಿಗೆ ನೀರು ಕೊಡುತ್ತಾರೆ, ಕುಡಿಯಲು ಹಿತವೇ, ಆದರೆ ತೊಂದರೆ ಹೊಟ್ಟೆಯಲ್ಲಿಲ್ಲ, ಮಿದುಳಿನ ಆ ಉಷ್ಣನಿಯಂತ್ರಣ ಕೇಂದ್ರದಲ್ಲಿದೆ. ಮಧ್ಯಾಹ್ನದ ನಂತರ ಕಾಫಿ ಬಿಡುವುದು, ರಾತ್ರಿಯ ಊಟದಲ್ಲಿ ಖಾರ ತಗ್ಗಿಸುವುದು, ತೆಳು ಹತ್ತಿಬಟ್ಟೆ, ತೂಕ ಇಳಿಸುವುದು ಇವು ಸ್ವಲ್ಪ ಮಟ್ಟಿಗೆ ನೆರವಾಗುತ್ತವೆ. ಅತ್ಯಂತ ಪರಿಣಾಮಕಾರಿಯಾದುದು ಈಸ್ಟ್ರೋಜನ್ ಚಿಕಿತ್ಸೆಯೇ. ಅದರ ಬಗ್ಗೆ ಹರಡಿರುವ ಭಯ ಬಹುಪಾಲು 2002ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದ ಒಂದು ಭಾಗವನ್ನು ನಡುವೆಯೇ ನಿಲ್ಲಿಸಿದ್ದರಿಂದ ಹುಟ್ಟಿದ್ದು. ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಬಗೆಯದು, ಈ ಎರಡು ಹಾರ್ಮೋನುಗಳನ್ನು ಕೂಡಿಸಿ ತೆಗೆದುಕೊಂಡ 10,000 ಮಂದಿಯಲ್ಲಿ ವರ್ಷಕ್ಕೆ ಸುಮಾರು 8 ಮಂದಿಗೆ ಹೆಚ್ಚುವರಿಯಾಗಿ ಸ್ತನ ಕ್ಯಾನ್ಸರ್ ಕಂಡಿತು. ಅಪಾಯ ಸುಳ್ಳಲ್ಲ, ಆದರೆ ಪತ್ರಿಕೆಯ ತಲೆಬರಹಗಳಷ್ಟು ದೊಡ್ಡದಲ್ಲ. 60 ದಾಟದ, ಅಥವಾ ಮುಟ್ಟು ನಿಂತು ಹತ್ತು ವರ್ಷವಾಗದ, ಬೇರೆ ಅಡ್ಡಿಯಿಲ್ಲದ ಹೆಂಗಸರಲ್ಲಿ ಲಾಭವೇ ಹೆಚ್ಚೆಂಬುದು ಈಗಿನ ತಜ್ಞರ ನಿಲುವು. ಸ್ತನ ಕ್ಯಾನ್ಸರ್ ಆಗಿದ್ದವರು, ರಕ್ತ ಹೆಪ್ಪುಗಟ್ಟಿದ ಅಥವಾ ಪಾರ್ಶ್ವವಾಯುವಿನ ಇತಿಹಾಸ ಇರುವವರು, ಯಕೃತ್ತಿನ ಕಾಯಿಲೆಯವರು, ಕಾರಣ ತಿಳಿಯದ ಸ್ರಾವ ಇರುವವರು ಇದನ್ನು ತೆಗೆದುಕೊಳ್ಳುವಂತಿಲ್ಲ. ಗರ್ಭಕೋಶ ಇರುವವರು ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟರಾನ್ ಬಗೆಯದನ್ನೂ ತೆಗೆದುಕೊಳ್ಳಲೇಬೇಕು. ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ. ಹಾರ್ಮೋನು ಆಗದವರಿಗೆ ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟು ಬೆವರು ತಗ್ಗಿಸುತ್ತಾರೆ. ಅವನ್ನು ಕೊಟ್ಟ ಮಾತ್ರಕ್ಕೆ ನಿಮ್ಮನ್ನು ಮನೋರೋಗಿಯೆಂದು ಭಾವಿಸಿದರೆಂದು ನೊಂದುಕೊಳ್ಳಬೇಡಿ. ಆದರೆ ಸಿಟ್ಟು ಇಳಿದು ಏನೂ ಬೇಡವೆನಿಸುವ ದಿನಗಳು ಎರಡು ವಾರಕ್ಕೂ ಮೀರಿ ಮುಂದುವರಿದರೆ ಅದಕ್ಕೆ ಪ್ರತ್ಯೇಕವಾಗಿಯೇ ನೆರವು ಕೇಳಬೇಕು. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ನೀವು ಬರೆಯದಿದ್ದರೂ ಕೆಲವು ವರ್ಷಗಳಲ್ಲಿ ಎದುರಾಗಬಹುದಾದ ಇನ್ನೊಂದು ತೊಂದರೆಯಿದೆ. ಯೋನಿ ಒಣಗಿ ಉರಿ, ಗಂಡನ ಜೊತೆ ಸೇರುವಾಗ ನೋವು, ಪದೇ ಪದೇ ಮೂತ್ರದ ಸೋಂಕು. ಬೆವರು ತಾನಾಗಿ ತಗ್ಗಬಹುದು, ಇದು ಹಾಗೇ ಬಿಟ್ಟರೆ ಹೆಚ್ಚುತ್ತಲೇ ಹೋಗುತ್ತದೆ. ಒಳಗೆ ಹಚ್ಚುವ ಈಸ್ಟ್ರೋಜನ್ ಮುಲಾಮು ಬಹಳ ಕಡಿಮೆ ಪ್ರಮಾಣದ್ದು, ರಕ್ತಕ್ಕೆ ಸೇರುವುದು ಅತ್ಯಲ್ಪ. ನಾಚಿಕೆಯಿಂದ ಎರಡು ವರ್ಷ ನಾನು ಕೇಳಲಿಲ್ಲ. ಕೇಳಿದ ಮೇಲೆ ವೈದ್ಯೆ ಚೀಟಿ ಬರೆಯಲು ತೆಗೆದುಕೊಂಡದ್ದು ಒಂದು ನಿಮಿಷ.

ಮೂಳೆಯ ಸವೆತ ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲೇ ವೇಗವಾಗಿರುತ್ತದೆ. ಈ ವಯಸ್ಸಿನಲ್ಲಿ ದಿನಕ್ಕೆ ಸುಮಾರು 1,000ದಿಂದ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ, ಉಳಿದದ್ದಕ್ಕೆ ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು ಇವೆ. ಜೊತೆಗೆ ವೇಗದ ನಡಿಗೆ, ಮೆಟ್ಟಿಲು, ಭಾರ ಎತ್ತುವ ವ್ಯಾಯಾಮ. ನಾನು ನೀರು ತುಂಬಿದ ಎರಡು ಬಾಟಲಿಗಳಿಂದ ಶುರುಮಾಡಿದೆ. ರಕ್ತದೊತ್ತಡ, ಸಕ್ಕರೆ, ಸ್ತನ ಮತ್ತು ಗರ್ಭಕಂಠದ ತಪಾಸಣೆಗಳನ್ನು 30 ದಾಟಿದವರಿಗಾಗಿ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾಡುತ್ತಾರೆ. ಮುಟ್ಟು ನಿಂತ ಮೇಲೆ ಹೃದಯದ ಅಪಾಯ ಏರುವುದರಿಂದ ಅವನ್ನು ಮುಂದೂಡಬೇಡಿ.

ಈಗ ನಾಳೆಯಿಂದಲೇ ಮಾಡಬಹುದಾದದ್ದು ಇಷ್ಟು. ಒಂದು ಪುಸ್ತಕದಲ್ಲಿ ಮುಟ್ಟು ಶುರುವಾದ ಮತ್ತು ಮುಗಿದ ದಿನಾಂಕ, ದಿನಕ್ಕೆ ಬದಲಿಸಿದ ಪ್ಯಾಡ್‌ಗಳ ಸಂಖ್ಯೆ, ರಾತ್ರಿ ಎಷ್ಟು ಬಾರಿ ಬೆವತು ಎದ್ದಿರಿ, ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಅಥವಾ ಸೊಂಟದ ಮೂಳೆಮುರಿತ ಆಗಿತ್ತೇ ಎಂಬುದನ್ನು ಎರಡು ತಿಂಗಳು ಬರೆದಿಡಿ. ಪ್ಯಾಡ್ ಗಂಟೆಗೊಂದರಂತೆ ನೆನೆಯುತ್ತಿದ್ದರೆ ಎರಡು ತಿಂಗಳು ಕಾಯದೆ ಇಂದೇ ಹೋಗಿ. ಇಲ್ಲದಿದ್ದರೆ ಆ ಪುಟಗಳನ್ನೇ ವೈದ್ಯರ ಮೇಜಿನ ಮೇಲಿಡಿ, ಸಾಧ್ಯವಾದರೆ ಅತ್ತೆಯವರನ್ನೂ ಜೊತೆಗೆ ಕರೆದೊಯ್ಯಿರಿ. ಗರ್ಭಕೋಶದ ಮಾತನ್ನು ಅವರು ವೈದ್ಯರ ಬಾಯಿಂದಲೇ ಕೇಳಲಿ.