ಫಾರ್ಮಸಿಯಲ್ಲೇ ಪ್ರೆಪ್ ಮಾತ್ರೆ: ತಮ್ಮ ಪ್ರಶ್ನೆಗೆ ಉತ್ತರ
ಮಾನ್ಯರೇ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ತಾವು, ಎಚ್‌ಐವಿ ತಗಲದಂತೆ ಮುಂಚಿತವಾಗಿ ಸೇವಿಸುವ ಪ್ರೆಪ್ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ಪಡೆಯಬಹುದೇ, ಅದರ ಖರ್ಚನ್ನು ವಿಮೆ ಭರಿಸುತ್ತದೆಯೇ ಎಂದು ಕೇಳಿದ್ದೀರಿ.

ಪಡೆಯಬಹುದು. ಕ್ಯಾಲಿಫೋರ್ನಿಯಾದಲ್ಲಿ 2019ರಲ್ಲಿ ಅಂಗೀಕಾರವಾದ ಎಸ್‌ಬಿ 159 ಕಾಯ್ದೆಯು ತರಬೇತಿ ಪಡೆದ ಫಾರ್ಮಸಿಸ್ಟ್‌ಗಳಿಗೆ ಈ ಅಧಿಕಾರ ನೀಡಿತು. ಆಗ 60 ದಿನಗಳ ಮಾತ್ರೆಗೆ ಸೀಮಿತವಾಗಿದ್ದ ಅವಕಾಶವನ್ನು 2024ರ ಎಸ್‌ಬಿ 339 ಇನ್ನಷ್ಟು ವಿಸ್ತರಿಸಿದೆ. ಆದರೆ ಕಳೆದ ಏಳು ದಿನಗಳೊಳಗೆ ಮಾಡಿಸಿದ ಪರೀಕ್ಷೆಯಲ್ಲಿ ಎಚ್‌ಐವಿ ಇಲ್ಲವೆಂದು ಖಚಿತವಾಗಿರಬೇಕು; ಈ ನಿಯಮವನ್ನು ದಯವಿಟ್ಟು ಅಡ್ಡಿಯೆಂದು ಭಾವಿಸಬೇಡಿ, ಏಕೆಂದರೆ ಸೋಂಕು ಈಗಾಗಲೇ ಇದ್ದವರು ಪ್ರೆಪ್ ಒಂದನ್ನೇ ಸೇವಿಸಿದರೆ ವೈರಾಣು ಔಷಧಕ್ಕೆ ಬಗ್ಗದಂತಾಗುವ ಅಪಾಯವಿದೆ. ಎಲ್ಲ ಅಂಗಡಿಗಳಲ್ಲೂ ಈ ಸೇವೆ ಇರುವುದಿಲ್ಲವಾದ್ದರಿಂದ ಮೊದಲೇ ಫೋನ್ ಮಾಡಿ ವಿಚಾರಿಸಿ.

ವಿಮೆಯ ವಿಷಯದಲ್ಲಿ, ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆಯು 2019ರಲ್ಲಿ ಪ್ರೆಪ್‌ಗೆ ‘ಎ’ ಶ್ರೇಣಿಯ ಬಲವಾದ ಶಿಫಾರಸು ನೀಡಿದ್ದರಿಂದ ಮತ್ತು ಅಂಥ ಶ್ರೇಣಿಯ ಸೇವೆಗಳನ್ನು ವಿಮೆ ಪೂರ್ತಿ ಭರಿಸಬೇಕೆಂಬ ಕಾನೂನು ಇರುವುದರಿಂದ, ಬಹುತೇಕ ಖಾಸಗಿ ವಿಮೆಗಳು ಮಾತ್ರೆ ಮತ್ತು ಸಂಬಂಧಿತ ಪರೀಕ್ಷೆಗಳಿಗೆ ತಮ್ಮಿಂದ ಹಣ ಕೇಳುವಂತಿಲ್ಲ. ಈ ವ್ಯವಸ್ಥೆಯ ಸಾಂವಿಧಾನಿಕತೆಯನ್ನು ಪ್ರಶ್ನಿಸಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2025ರ ಜೂನ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಆ ತೀರ್ಪು ನನಗೆ ನಿಜವಾದ ನೆಮ್ಮದಿ ತಂದಿತು. ಊರಿನಿಂದ ಬರುವವರು ಮಾಡಿಸುವ ಪ್ರವಾಸಿ ವಿಮೆಗೆ ಮಾತ್ರ ಇದು ಅನ್ವಯಿಸುವುದಿಲ್ಲ.

ಒಂದು ವೇಳೆ ಎಚ್‌ಐವಿ ತಗಲಬಹುದಾದ ಸಂದರ್ಭ ಈಗಾಗಲೇ ಒದಗಿದ್ದರೆ ಪ್ರೆಪ್‌ಗಾಗಿ ಕಾಯಬೇಡಿ: ಆ ಬಳಿಕ ಸೋಂಕು ತಡೆಯಲು 72 ಗಂಟೆಗಳೊಳಗೆ ಆರಂಭಿಸಬೇಕಾದ ಪೆಪ್ ಎಂಬ ಚಿಕಿತ್ಸೆಯನ್ನೂ ಅದೇ ಫಾರ್ಮಸಿಸ್ಟ್‌ಗಳು ನೀಡಬಲ್ಲರು.